ಗುಡ್ಲಿನ ಮುಂದೆ ನಿಂತ ಜೀಪು

ಮರಳೂರು, ತುಮಕೂರು
12 ಅಕ್ಟೋಬರ್ 2025

ಬಿಂದು,

ಮೊದಲು ಈ ಕಾಗದ ಬರೆದದ್ದಕ್ಕೇ ಕ್ಷಮಿಸು. ಆ ದಿನ ಆದದ್ದಕ್ಕೆ ಕ್ಷಮೆ ಆಮೇಲೆ ಕೇಳುತ್ತೇನೆ, ಅದು ದೊಡ್ಡದು. ನನ್ನ ಹ್ಯಾಂಡ್‌ರೈಟಿಂಗ್ ನೋಡಿದ ತಕ್ಷಣ ನಿನಗೆ ಮೈಯೆಲ್ಲ ಉರಿಯುತ್ತೆ ಅಂತ ಗೊತ್ತು. ಒಂದೂವರೆ ತಿಂಗಳಿಂದ ಬರೆಯುವುದು, ಹರಿಯುವುದು ಇದೇ ಆಗಿದೆ.

ಆ ಫೋನ್ ಮಾಡಿದ್ದು ನಾನೇ ಅಂತ ಒಪ್ಪಿಕೊಂಡ ಮೇಲೆ ಚಿಕ್ಕಪ್ಪ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಅರುಣಾ ಚಿಕ್ಕಮ್ಮನದು ರಿಂಗಾಗಿ ಕಟ್ಟಾಗುತ್ತೆ. ಅಜ್ಜಿ ಹತ್ತಿರ ಫೋನೇ ಇಲ್ಲ. ಮನೆಗೆ ಬರೆದರೆ ಒಲೆಗೆ ಹೋಗಬಹುದು ಅನ್ನಿಸಿ, ನಿಮ್ಮ ಹೈಸ್ಕೂಲಿಗೆ, ಯಶಸ್ವಿನಿ ಮಿಸ್ ಹೆಸರಿಗೆ ಹಾಕುತ್ತಿದ್ದೇನೆ. ಸೈನ್ಸ್ ಮಿಸ್ ಒಬ್ಬರೇ ಬೈಯದೆ ಕೇಳಿಸಿಕೊಳ್ಳುತ್ತಾರೆ ಅಂತ ನೀನೇ ಹೇಳುತ್ತಿದ್ದೆ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಕಾಗದ ಹೇಗೆ ಮಡಚಿ ಅಂಟಿಸಬೇಕು ಅಂತ ಕೇಳಿದೆ. ಕೌಂಟರಿನವರು ಕನ್ನಡಕದ ಮೇಲಿಂದ ನೋಡಿ, "ಈ ಕಾಲದಲ್ಲಿ ಲೆಟರ್ರಾ? ಯಾವ ಹುಡುಗನ್ಗಮ್ಮ?" ಅಂದರು. ತಂಗಿಗೆ ಅಂದೆ. ಪಾಪ, ತಾವೇ ಮಡಚಿ ತೋರಿಸಿದರು.

ನಾನು ನೋಡಿದ್ದೇನು ಅಂತ ಹೇಳಿಬಿಡುತ್ತೇನೆ. ನೋಡಿದ್ದು ಒಂದೇ ಒಂದು ಫೋಟೋ, ನಿನ್ನ ಸೋದರಮಾವ ಹನುಮಂತರಾಜು ಹಾಕಿದ್ದ ಸ್ಟೇಟಸ್. ನೀನು ರೇಷ್ಮೆ ಸೀರೆ ಉಟ್ಟು, ಮೊಗ್ಗಿನ ಜಡೆ ಹಾಕಿಸಿಕೊಂಡು ಹಸೆ ಮೇಲೆ ಕೂತಿದ್ದೆ. ಪಕ್ಕದಲ್ಲಿ ಮಾವ ಹೊಸ ಪಂಚೆ ಉಟ್ಟು, ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಹಿಂದೆ ಹಸಿರು ಚಪ್ಪರ. ಕೆಳಗೆ 'ಶುಭಕಾರ್ಯ' ಅಂತ ಬರೆದು ಎರಡು ಕೈಮುಗಿದ ಚಿತ್ರ. ಮಾವನಿಗೆ ಇನ್ನೂ ಮದುವೆ ಆಗಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಇದೆ. ಅಜ್ಜಿ ತಾತನೇ ಹಾಗೆ. ನಿನಗೆ ಹದಿನಾಲ್ಕು. ಅದೇ ವಾರ ನಮ್ಮ ಸಮಾಜಕಾರ್ಯ ಡಿಗ್ರಿ ಕ್ಲಾಸಿನಲ್ಲಿ ಪ್ರಪಂಚದ ಮಕ್ಕಳ ಹಕ್ಕುಗಳ ಬಗ್ಗೆ ಓರಿಯೆಂಟೇಶನ್ ಆಗಿತ್ತು. ಭೂಮಿಯ ಸುತ್ತ ಎಲ್ಲ ದೇಶದ ಮಕ್ಕಳೂ ಕೈಕೈ ಹಿಡಿದು ನಿಂತಿರುವ ಪೋಸ್ಟರ್ ತೋರಿಸಿ, ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಸಿದ್ದರು. ಮನೆಯವರಿಗೆಲ್ಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಎತ್ತದಿರುವುದೇ ಸಾಕ್ಷಿ ಅನ್ನಿಸಿತು. ಆ ನಂಬರ್ ಒತ್ತಿದೆ.

ಅದು ನಿನ್ನ ಒಸಗೆ ಅಂತ ನನಗೆ ಹೊಳೆಯಲೇ ಇಲ್ಲ ಕಣೇ. ಹುಡುಗಿ ದೊಡ್ಡವಳಾದರೆ ಸೋದರಮಾವನೇ ಸೊಪ್ಪು ತಂದು ಗುಡ್ಲು ಕಟ್ಟುತ್ತಾನೆ, ಕಡೇ ದಿನ ನೀರು ಹಾಕಿ ಮದುವಣಗಿತ್ತಿ ಹಾಗೆ ಸಿಂಗರಿಸಿ ಹಸೆಗೆ ಕೂರಿಸುತ್ತಾರೆ, ಮಾವನೇ ಹಾರ ಹಾಕುತ್ತಾನೆ. ಹಾಗಲವಾಡಿಯ ಚಿಕ್ಕ ಮಗುವಿಗೂ ಗೊತ್ತಿರುವ ವಿಷಯ. ಆ ಊರಿನವಳಾದ ನನಗೆ ಗೊತ್ತಿರಲಿಲ್ಲ. ಅವ್ವ ತೀರಿಕೊಂಡು, ಅಪ್ಪ ತಿಪಟೂರಿನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ ಮೇಲೆ ನಾನು ಎರಡನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಇದ್ದವಳು. ನಾನು ದೊಡ್ಡವಳಾದಾಗ ವಾರ್ಡನ್ ಒಂದು ಪ್ಯಾಕೆಟ್ಟೂ ಎರಡು ಬಿಸ್ಕತ್ತೂ ಕೊಟ್ಟು, "ಯಾರ್ ಹತ್ರಾನೂ ಹೇಳ್ಕೊಂಡ್ ತಿರುಗ್ಬೇಡ, ಪ್ರೇಯರ್‌ಗೆ ಹೋಗು" ಅಂದಿದ್ದರು. ಆ ರಜೆಯಲ್ಲಿ ಊರಿಗೆ ಬಂದಾಗ, ತಂತಿ ಮೇಲೆ ಒಣಗಿದ ಬಟ್ಟೆ ನೋಡಿ ಅಜ್ಜಿ, "ಆಗೋಯ್ತೇನ್ಲೇ? ಯಾವಾಗ್ಲೇ?" ಅಂದು ಒಳಗೆ ಹೋದಳು. ಅಷ್ಟೇ. ಗುಡ್ಲು ನಾನು ಯಾವತ್ತೂ ನೋಡಿಲ್ಲ ಬಿಂದು.

ದಸರಾ ರಜೆಗೂ ಇಲ್ಲೇ ಇದ್ದೆ. ಮೆಸ್ ಬಂದ್ ಇತ್ತು. ಉತ್ತರ ಬರೆಯಲೇಬೇಕು ಅಂತಿಲ್ಲ. ಬರೆದರೆ ಬೈದು ಬರಿ, ಪರವಾಗಿಲ್ಲ.

ಇನ್ನೂ ಹಾಗೆ ಕರೆಯಬಹುದಾದರೆ, ನಿನ್ನ ಅಕ್ಕ
ಮಾನಸಾ


ಹಾಗಲವಾಡಿ
5 ನವೆಂಬರ್ 2025

ಮಾನಸಕ್ಕನಿಗೆ ಬಿಂದುಶ್ರೀ ಬರೆಯುವುದೇನೆಂದರೆ, ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಎಲ್ಲಾ ನಿನ್ನ ದಯೆ.

ಬೈದು ಬರಿ ಅಂದಿದ್ದೀಯ. ಬರೆಯುತ್ತೇನೆ. ಅವತ್ತು ಏನಾಯಿತು ಅಂತ ನಿನಗೆ ಯಾರೂ ಹೇಳಿಲ್ಲ ತಾನೇ? ಕೇಳು. ಅಜ್ಜಿ ಆರತಿ ತಟ್ಟೆ ಎತ್ತಿದ್ದಳು. ಜೀಪು ಸೀದಾ ಬಂದು ಗುಡ್ಲಿನ ಮುಂದೆಯೇ ನಿಂತಿತು. ಅಜ್ಜಿ ಯಾರೋ ಎಲೆಕ್ಷನ್ನಿನವರು ಅಂದುಕೊಂಡು, "ಬನ್ನಿ ಸಾಮಿ, ಒಳ್ಳೆ ಹೊತ್ಗೆ ಬಂದ್ರಿ, ಊಟ ಮಾಡ್ಕಂಡೇ ಹೋಗ್ಬೇಕು" ಅಂದಳು. ನೀನು ಫೋನ್ ಮಾಡಿದ ಮಕ್ಕಳ ಆಫೀಸಿನ ಮೇಡಂ ಇಳಿದವರೇ "ಮದುವೆ ನಿಲ್ಲಿಸಿ" ಅಂದರು. ಮಾವ ಹಿಂದೆ ಮುಂದೆ ನೋಡಿ, "ಯಾರ್ ಮದ್ವೆ ಮೇಡಂ? ನಂದಾ? ಹೆಣ್ ಎಲ್ಲೈತೆ ಹೇಳಿ, ಈಗ್ಲೇ ಆಗ್ತೀನಿ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಯವರೆಗೆ ತಮಾಷೆಯಾಗಿತ್ತು.

ಆಮೇಲೆ ಹುಡುಗಿಯನ್ನೇ ಕೇಳಬೇಕು ಅಂದರು. ಜಗಲಿಗೆ ಕರೆದುಕೊಂಡು ಹೋದರು. ಮೇಡಂ ಮೆತ್ತಗೇ ಕೇಳಿದರು. ಆದರೆ ಸುತ್ತ ಇಡೀ ಊರೇ ಕಿವಿ ಕೊಟ್ಟು ನಿಂತಿತ್ತು. ಊಟಕ್ಕೆ ಬಂದಿದ್ದ ನಮ್ಮ ಕ್ಲಾಸಿನ ಹುಡುಗರೂ ಇದ್ದರು. ಇದು ಏನು ಫಂಕ್ಷನ್ ಅಂತ ನಾನೇ ನನ್ನ ಬಾಯಿಂದ ಹೇಳಬೇಕಾಯಿತು ಅಕ್ಕ. ಮೊದಲ ಸಲ ಕೇಳಿಸಲಿಲ್ಲ ಅಂದರು. ಎರಡನೇ ಸಲ ಜೋರಾಗಿ ಹೇಳಿದೆ.

ಹದಿನೆಂಟು ತುಂಬುವವರೆಗೂ ಮಗಳಿಗೆ ಮದುವೆ ಮಾಡಲ್ಲ ಅಂತ ಅಪ್ಪನ ಹತ್ತಿರ ಸೈನ್ ಹಾಕಿಸಿಕೊಂಡರು. ಮಾಡುವ ಯೋಚನೆಯೇ ಇಲ್ಲದವನ ಹತ್ತಿರ! ಅಪ್ಪ ಅವತ್ತು ಊಟ ಮಾಡಲಿಲ್ಲ. ಅಮ್ಮ ಈಗ ಡೈರಿಗೆ ಹಾಲು ಹಾಕಲು ಹೋಗುವುದಿಲ್ಲ, ನನ್ನನ್ನು ಕಳಿಸುತ್ತಾಳೆ. ರಸ್ತೆಯಲ್ಲಿ ಯಾವ ಜೀಪು ಹೋದರೂ ಹುಡುಗರು "ಲೇ ಬಿಂದು, ನಿನ್ ಗಾಡಿ ಬಂತು ಕಣೇ" ಅಂತಾರೆ. ಟ್ರ್ಯಾಕ್ಟರಿಗೂ ಅಂತಾರೆ.

ನಿನ್ನನ್ನು ಕರೆಯೋಣ ಅಂತ ನಾನು ಹೇಳಿದ್ದೆ. ಅಮ್ಮ, "ಅವ್ಳಿಗೆ ಇದೆಲ್ಲ ಎಲ್ ಗೊತ್ತಾಗ್ತದೆ, ಓದ್ಕಳ್ಳಿ ಬುಡು" ಅಂದಳು. ಕರೆದಿದ್ದರೆ ಹೀಗಾಗುತ್ತಿರಲಿಲ್ಲ, ಅದು ನಮ್ಮ ತಪ್ಪು. ಆದರೆ ನೀನು ಒಂದು ಮಾತು ನನ್ನನ್ನೇ ಕೇಳಬಹುದಿತ್ತು.

ಯಶಸ್ವಿನಿ ಮಿಸ್ ತಮ್ಮ ಫೋನಿನಲ್ಲೇ ಮಾತಾಡು ಅಂದರು. ಬೇಡ ಅಂದೆ. ಮಾತಾಡಿದರೆ ಅತ್ತುಬಿಡುತ್ತೇನೆ, ಬೈಯಲು ಆಗಲ್ಲ.

ಇನ್ನು ಮೇಲೆ ಬರೆಯಬೇಡ.

ಬಿಂದುಶ್ರೀ
9ನೇ ತರಗತಿ 'ಬಿ' ವಿಭಾಗ

ಬರೆಯುವುದಾದರೆ ಇನ್‌ಲ್ಯಾಂಡ್ ಬೇಡ, ಕವರಿನಲ್ಲಿ ಹಾಕು. ಇನ್‌ಲ್ಯಾಂಡ್ ಅನ್ನು ಬಗ್ಗಿಸಿ ಓದಬಹುದು, ಆಫೀಸ್ ರೂಮಿನಲ್ಲಿ ಓದಿದ್ದಾರೆ.


ಮರಳೂರು, ತುಮಕೂರು
23 ನವೆಂಬರ್ 2025

ಬಿಂದು,

ಕವರಿನಲ್ಲೇ ಹಾಕಿದ್ದೇನೆ. ಗೋಂದು ಸಾಲದು ಅಂತ ಸೆಲ್ಲೋಟೇಪ್ ಕೂಡ.

ನಿನ್ನ ಕಾಗದವನ್ನು ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಕೂತು ಓದಿದೆ. 'ಎರಡನೇ ಸಲ ಜೋರಾಗಿ ಹೇಳಿದೆ' ಅನ್ನುವುದರಿಂದ ಮುಂದಕ್ಕೆ ಹೋಗಲು ತುಂಬಾ ಹೊತ್ತಾಯಿತು. ಆಮೇಲೆ ಕ್ಷಮೆ ಕೇಳುತ್ತೇನೆ ಅಂದಿದ್ದೆನಲ್ಲ, ಈಗ ಕೇಳಲು ನಾಲಿಗೆ ಬರುತ್ತಿಲ್ಲ. ಸಾರಿ ಅನ್ನುವ ಪದ ಇದಕ್ಕೆ ತೀರಾ ಚಿಕ್ಕದು.

ಹೋದ ವಾರ ಇಂಟರ್ನಲ್ ಟೆಸ್ಟ್ ಇತ್ತು. ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೇ ವಿಧಿ ವಿವರಿಸಿ ಅಂತ ಪ್ರಶ್ನೆ. ಮಗುವಿಗೆ ಸಂಬಂಧಪಟ್ಟ ಯಾವುದೇ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು ಅಂತ ಒಂದೂವರೆ ಪುಟ ಬರೆದೆ. ಲೆಕ್ಚರರ್ ನನ್ನ ಉತ್ತರವನ್ನೇ ಕ್ಲಾಸಿನಲ್ಲಿ ಓದಿ ಹೇಳಿದರು. ಎಲ್ಲರೂ ತಿರುಗಿ ನೋಡಿದರು. ರೂಮ್‌ಮೇಟ್ ಮಂಜುಶ್ರೀ, "ಏನೇ, ಹೊಗಳಿದ್ರೆ ಯಾಕೆ ಕಳ್ಳಿ ಥರ ಕೂತಿದೀಯ?" ಅಂದಳು.

ಇವತ್ತು ಭಾನುವಾರ. ಹಾಸ್ಟೆಲ್ಲಿನಲ್ಲಿ ವಿಸಿಟರ್ಸ್ ಬರುವ ದಿನ. ಬೆಳಿಗ್ಗೆಯಿಂದ ಗೇಟಿನ ಹತ್ತಿರ ಡಬ್ಬಿಗಳ ಸದ್ದು. ನಾನು ಭಾನುವಾರ ಬಟ್ಟೆ ಒಗೆಯುತ್ತೇನೆ, ಒಗೆದದ್ದನ್ನೇ ಇನ್ನೊಂದು ಸಲ ಅದ್ದುತ್ತೇನೆ. ಒಗೆಯುತ್ತಿರುವವರ ಹತ್ತಿರ ಬಂದು 'ನಿಮ್ಮ ಮನೆಯಿಂದ ಯಾರೂ ಬರಲ್ವಾ' ಅಂತ ಯಾರೂ ಕೇಳುವುದಿಲ್ಲ. ಇದು ನಾನು ಮೂರನೇ ಕ್ಲಾಸಿನಲ್ಲಿ ಕಂಡುಹಿಡಿದ ಉಪಾಯ, ಇನ್ನೂ ನಡೆಯುತ್ತಿದೆ. ಮಂಜುಶ್ರೀಯ ಅಮ್ಮ ಮಾತ್ರ ಹೋಗುವಾಗ ನನ್ನ ಬಕೆಟ್ಟಿನ ಪಕ್ಕ ಎರಡು ಒಬ್ಬಟ್ಟು ಇಟ್ಟು ಹೋದರು. ಥ್ಯಾಂಕ್ಸ್ ಹೇಳುವುದರೊಳಗೆ ಗೇಟು ದಾಟಿದ್ದರು.

ಒಂದು ಮಾತು ಕೇಳಲಾ? ಬೇಜಾರಾದರೆ ಹರಿದು ಹಾಕು. ಗುಡ್ಲಿನ ಒಳಗೆ ಹೇಗಿತ್ತು?

ನಿನ್ನ
ಮಾನಸಕ್ಕ


ಹಾಗಲವಾಡಿ
14 ಡಿಸೆಂಬರ್ 2025

ಅಕ್ಕ,

ಸೆಲ್ಲೋಟೇಪ್ ಕೀಳಲು ಹೋಗಿ ಅರ್ಧ ಕಾಗದವೇ ಹರಿಯಿತು. ಅಷ್ಟು ಅಂಟಿಸಬೇಡ.

ಗುಡ್ಲು ಕೇಳಿದ್ದೀಯ. ಮಾವ ಕೊತ್ತಗೆರೆಯಿಂದ ಬೆಳಿಗ್ಗೆಯೇ ಬಂದ. ಅವನು ಕುಣಿಗಲ್ಲಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನಲ್ಲ, ಅದರ ತುಂಬ ಹೊಂಗೆ ಸೊಪ್ಪು, ತೆಂಗಿನ ಗರಿ. "ನಿನ್ ಬಂಗ್ಲೆಗೆ ಎಷ್ಟ್ ರೂಮ್ ಬೇಕು ಹೇಳು" ಅಂತ ರೇಗಿಸುತ್ತಲೇ ಕಟ್ಟಿದ. ಒಳಗೆ ಚಾಪೆ, ಒಂದು ತಟ್ಟೆ, ಒಂದು ಲೋಟ. ಮೊದಲ ದಿನ ಹಸಿ ಸೊಪ್ಪಿನ ವಾಸನೆ, ಆಮೇಲೆ ಒಣಗಿ ಗಾಳಿಗೆ ಸರಸರ ಅನ್ನುತ್ತಿತ್ತು. ಅಜ್ಜಿ ಹಸಿ ಮೊಟ್ಟೆಗೆ ತುಪ್ಪ ಹಾಕಿ, "ಕಣ್ ಮುಚ್ಕಂಡ್ ನುಂಗು, ಸೊಂಟ ಗಟ್ಟಿ ಆಗ್ತದೆ" ಅನ್ನುತ್ತಿದ್ದಳು. ಎರಡು ಸಲ ವಾಂತಿ ಮಾಡಿದೆ. ಗೆಳತಿಯರು ಆಚೆ ಕೂತು ನನ್ನ ಜೊತೆ ಚೌಕಾಬಾರ ಆಡುತ್ತಿದ್ದರು, ನನ್ನ ಕಾಯಿಯನ್ನು ಅವರೇ ನಡೆಸುತ್ತಿದ್ದರು, ಮೋಸ ಮಾಡುತ್ತಿದ್ದರು. ಬೋರು ಕಣೇ. ಆದರೆ ಎಲ್ಲರೂ ನನ್ನನ್ನೇ ನೋಡಲು ಬರುತ್ತಿದ್ದರು. ಅದು ಚೆನ್ನಾಗಿತ್ತು.

ಈಗ ಮಾವ ಪ್ರತಿ ಭಾನುವಾರ ಬರುತ್ತಾನೆ. ಜಡೆ ಎಳೆಯುವುದಿಲ್ಲ. ರೇಗಿಸುವುದಿಲ್ಲ. ಬಾಳೆಹಣ್ಣು ತಂದು ಜಗಲಿ ಮೇಲೆ ಇಟ್ಟು ಅಪ್ಪನ ಜೊತೆ ಕೂರುತ್ತಾನೆ. ಹೋದ ವಾರ ನಾನು "ಅಮ್ಮಾ, ಮಾವ ಬಂದ" ಅಂತ ಕೂಗಿದೆ. ಅಮ್ಮ ಒಳಗಿನಿಂದಲೇ, "ಬಂದ್ರು ಅನ್ನು" ಅಂದಳು. ನಾನು ನಕ್ಕೆ. ಅಮ್ಮ ನಗಲಿಲ್ಲ. ಮಾವನೂ ನಗಲಿಲ್ಲ, ಎದ್ದು ಆಟೋ ಹತ್ತಿರ ಹೋಗಿ ಚಕ್ರ ನೋಡುತ್ತಾ ನಿಂತ.

ಜೀಪು ಬಂದ ಮನೆ ಅಂತ ಹೆಸರಾಗಿದೆಯಂತೆ. ಯಾವುದೋ ಹುಡುಗನ ಜೊತೆ ಏನೋ ಇತ್ತು, ಅದಕ್ಕೇ ಜೀಪು ಬಂತು ಅಂತ ಆಚೆ ಬೀದಿಯಲ್ಲಿ ಮಾತು. ಮುಂದೆ ಯಾರೂ ಹೆಣ್ಣು ಕೇಳಲ್ಲ ಅಂತ ಅಮ್ಮ ಅಳುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ನಾನು ಕೊತ್ತಗೆರೆಗೆ ಹೋಗಿ ಇರಬೇಕಂತೆ. "ಸ್ಕೂಲು?" ಅಂದೆ. "ಅಲ್ಲೂ ಐತೆ ಸ್ಕೂಲು" ಅಂದ ಅಪ್ಪ, ನನ್ನ ಮುಖ ನೋಡದೆ. ಒಂದು ಸೀರೆ ತಂದಿದ್ದಾರೆ, ಹಸಿರಿಗೆ ಕೆಂಪು ಅಂಚು. ನನಗೆ ಅಂತ ಯಾರೂ ಹೇಳಿಲ್ಲ. ಬ್ಲೌಸಿನ ಅಳತೆ ಮಾತ್ರ ನನ್ನದು ತೆಗೆದುಕೊಂಡರು. "ಈ ಸಲ ಯಾರೂ ಸ್ಟೇಟಸ್ಸು ಗೀಟಸ್ಸು ಅನ್ಬಾರ್ದು" ಅಂತ ಅಮ್ಮ ಮಾವನಿಗೆ ಹೇಳುತ್ತಿದ್ದದ್ದು ಕೇಳಿಸಿತು.

ಮಾವ ಒಳ್ಳೆಯವನೇ. ನೀನು ಏನೂ ಮಾಡಬೇಡ. ಸುಮ್ಮನೆ ಬರೆದೆ.

ಬಿಂದು


ಹಾಗಲವಾಡಿ
4 ಜನವರಿ 2026

ಮೊಮ್ಮಗಳು ಮಾನಸಾಗೆ ಅಜ್ಜಿ ದೊಡ್ಡಗಂಗಮ್ಮ ಹೇಳಿ ಬರೆಸಿದ್ದು. (ಬರೆಯುತ್ತಿರುವುದು ನಾನು. ಹೋದ ತಿಂಗಳು ನಾನು ಬರೆದ ಮೇಲೆ ನೀನು ಹಾಕಿದ ಎರಡು ಕಾಗದವೂ ಮಿಸ್ ಕೈಯಿಂದ ಬಂತು.)

ಅಜ್ಜಿ ಹೇಳುತ್ತಾಳೆ: ನೀವಿಬ್ರೂ ಕಾಗ್ದ ಬರ್ಕಂತಿರೋದು ನಂಗೊತ್ತು. ಬುಕ್ಕಿನ್ ಒಳಿಕ್ಕೆ ಮುಖ ಇಟ್ಕಂಡು ನಗೋ ಅಂತದ್ದು ಯಾವ್ ಪಾಠದಲ್ಲೈತೆ? ನಾನ್ ಯಾರ್ಗೂ ಹೇಳಿಲ್ಲ.

ಅಜ್ಜಿ ಹೇಳುತ್ತಾಳೆ: ನಿನ್ ಮೇಲೆ ಸಿಟ್ಟಿತ್ತು ಕಣವ್ವ. ಅರುಣಂಗೆ ಇನ್ನೂ ಐತೆ. ಆದ್ರೆ ನಂಗೊಂದ್ ಹೊಳೀತು. ನೀನು ದೊಡ್ಡವ್ಳಾದಾಗ ನಾವ್ ಒಂದು ಸೊಪ್ಪಿನ ಕಡ್ಡಿನೂ ನೆಡ್ಲಿಲ್ಲ. ನಿಮ್ಮವ್ವ ಇದ್ದಿದ್ರೆ ಬುಡ್ತಿದ್ಲಾ? ಕಾಣ್ದೇ ಇರೋದನ್ನ ನೀನು ಹೆಂಗ್ ತಿಳ್ಕಂತೀಯ? ಸಂಕ್ರಾಂತಿಗೆ ಬಾ. ಹಬ್ಬದ ದಿನ ನಿನ್ನೂ ಹಸೆ ಮೇಲೆ ಕೂರ್ಸಿ ಆರತಿ ಎತ್ತುಸ್ತೀನಿ. ಹದಿನೆಂಟಾದ್ರೆ ಏನು, ತಡ ಆಯ್ತು ಅಷ್ಟೇಯ. ಸೀರೆ ತೆಗ್ಸಿದೀನಿ. ನಿಮ್ ಚಿಕ್ಕಪ್ಪಂಗೂ ಹೇಳಿದೀನಿ, ಒಪ್ಪವ್ನೆ. ಇದು ನಿನ್ ಮನೆ ಕಣೇ.

(ಇದನ್ನು ಹೇಳುವಾಗ ಅಜ್ಜಿ ಅತ್ತಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸೀರೆ ನಿಜವಾಗಲೂ ತಂದಿದ್ದಾಳೆ, ನೇರಳೆ ಬಣ್ಣ.)

ಅಜ್ಜಿ ಹೇಳುತ್ತಾಳೆ: ಆದ್ರೆ ಒಂದ್ ಮಾತು. ಬಂದು ಹಬ್ಬ ಮಾಡ್ಕಂಡು ಹೋಗು. ಕಂಡಿದ್ದು ಕೇಳಿದ್ದು ಆ ಫೋನಿಗೆ ಹೇಳಂಗಿಲ್ಲ. ಇನ್ನೊಂದ್ ಸಲ ಆದ್ರೆ ನಿನ್ ಚಿಕ್ಕಪ್ಪ ಬದುಕಲ್ಲ, ನೀನು ಈ ಹೊಸ್ಲು ತುಳಿಯಂಗಿಲ್ಲ.

(ಇಲ್ಲಿಂದ ಮುಂದೆ ಅಜ್ಜಿ ಹೇಳಿದ್ದಲ್ಲ. ಮಾಘ ಮಾಸ ಹಿಡಿದ ಮೇಲೆ ಕುಣಿಗಲ್ ಹತ್ತಿರ ಮಾವನ ಮನೆದೇವರ ಗುಡಿಯಲ್ಲಿ ಮದುವೆ. ಮನೆಯವರು ಬಿಟ್ಟು ಯಾರೂ ಇಲ್ಲ. ನನಗೆ ನಿನ್ನೆ ಅಮ್ಮ ಹೇಳಿದಳು. ಮದುವೆಯಾದರೂ ಓದಿಸುತ್ತಾರಂತೆ, ಹದಿನೆಂಟು ತುಂಬುವವರೆಗೂ ತನ್ನ ಅವ್ವನ ಮಗ್ಗುಲಲ್ಲೇ ಮಲಗಿರ್ಲಿ ಅಂತ ಮಾವ ಅಂದಿದ್ದಾನಂತೆ. ನಾನು ಪಾತ್ರೆ ತೊಳೆದೆ.

ನಿನಗೆ ಏನು ಬೇಕು ಹೇಳು ಅಂತ ಎರಡು ಕಾಗದದಲ್ಲೂ ಕೇಳಿದ್ದೀಯ. ಹತ್ತನೇ ಕ್ಲಾಸು ಇಲ್ಲೇ, ಮಿಸ್ ಹತ್ತಿರವೇ ಓದಬೇಕು. ಮಾವ ಮಾವನಾಗೇ ಇರಬೇಕು. ಜೀಪು ಬರಬಾರದು. ಮೂರೂ ಆಗುತ್ತಾ ಅಕ್ಕ?

ಫೋನ್ ಮಾಡಿದರೆ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಬಾಲಮಂದಿರದಲ್ಲಿ ಇಡುತ್ತಾರಂತೆ, ಹುಡುಗಿಯರು ಹೇಳುತ್ತಾರೆ. ನಿನ್ನ ಥರ ಆಗಲು ನನಗೆ ಭಯ. ಬೇಜಾರು ಮಾಡಿಕೊಳ್ಳಬೇಡ. ನೀನು ರಜೆಗೆ ಬಂದಾಗ ಮೊದಲ ದಿನ 'ತಟ್ಟೆ ಎಲ್ಲಿದೆ' ಅಂತ ಕೇಳುತ್ತಿದ್ದೆ. ನಮ್ಮ ಮನೆಯಲ್ಲೇ. ನೆಂಟರು ಕೇಳುವ ಹಾಗೆ.)

ಅಜ್ಜಿ ಕೇಳುತ್ತಾಳೆ: "ಏನ್ಲೇ ಇಷ್ಟುದ್ದ ಗೀಚ್ತಾ ಇದೀಯ, ನಾನ್ ಅಷ್ಟ್ ಹೇಳ್ನಾ?" ಅಜ್ಜಿಗೆ ಅಕ್ಷರ ಗೊತ್ತಿಲ್ಲ, ಉದ್ದ ಗೊತ್ತು.

ಇತಿ ನಿನ್ನ ಅಜ್ಜಿ
ದೊಡ್ಡಗಂಗಮ್ಮ
(ಮತ್ತು ಬಿಂದು)


ಮರಳೂರು, ತುಮಕೂರು
18 ಜನವರಿ 2026

ಬಿಂದು,

ಹಬ್ಬಕ್ಕೆ ಕಾದಿರಿ ಅಂತ ಗೊತ್ತು. ನಾನು ಹೊರಟಿದ್ದೆ. ಹಬ್ಬದ ಹಿಂದಿನ ದಿನ ಬ್ಯಾಗ್ ತೆಗೆದುಕೊಂಡು ಗುಬ್ಬಿವರೆಗೂ ಬಂದೆ. ಹಾಗಲವಾಡಿ ಬಸ್ಸು ನಿಂತಿತ್ತು, ಕಿಟಕಿ ಸೀಟು ಖಾಲಿ ಇತ್ತು. ಕಂಡಕ್ಟರ್ "ಬರ್ತೀರೇನಮ್ಮ, ಇಲ್ಲಾ ನೋಡ್ತಾ ನಿಂತ್ಕಂತೀರಾ?" ಅಂದರು. ಹತ್ತಲಿಲ್ಲ. ಅಜ್ಜಿ ಎತ್ತಿದ ಆರತಿ ತೆಗೆದುಕೊಂಡು, ಆ ನೇರಳೆ ಸೀರೆ ಉಟ್ಟುಕೊಂಡ ಮೇಲೆ ಬಾಯಿ ತೆರೆಯಲು ನನ್ನಿಂದ ಆಗುತ್ತಿರಲಿಲ್ಲ. ನನ್ನನ್ನು ನಾನು ಬಲ್ಲೆ. ಯಾರಾದರೂ 'ಇದು ನಿನ್ನ ಮನೆ' ಅಂದರೆ ನಾನು ಏನು ಬೇಕಾದರೂ ಬಿಟ್ಟುಕೊಡುತ್ತೇನೆ.

ಅದೇ ಬಸ್‌ಸ್ಟ್ಯಾಂಡಿನಲ್ಲಿ ಸ್ಕೂಲು ಮುಗಿಸಿಕೊಂಡು ಬಂದ ಯಶಸ್ವಿನಿ ಮಿಸ್ ಸಿಕ್ಕರು. ಅವರಿಗೂ ಅನುಮಾನ ಬಂದಿತ್ತು. ನಿಮ್ಮಪ್ಪ ಟಿ.ಸಿ. ಕೇಳಿದ್ದರಂತೆ. ಟೀ ಕುಡಿಯುತ್ತಾ, "ನಾನೂ ಬರ್ತೀನಿ ಮಾನಸಾ, ಒಬ್ಳೇ ಹೋಗ್ಬೇಡ" ಅಂದರು. ಹಬ್ಬದ ಮಾರನೇ ದಿನ ಇಬ್ಬರೂ ತುಮಕೂರಿನ ಮಕ್ಕಳ ರಕ್ಷಣೆ ಆಫೀಸಿಗೆ ಹೋದೆವು.

ಹೇಳಿದ್ದೇನೆ ಬಿಂದು. ಹೇಳಲಾ ಬೇಡವಾ ಅಂತ ನಿನ್ನನ್ನು ಕೇಳಲಿಲ್ಲ. ಬೇಡ ಅಂದಿದ್ದರೂ ಹೇಳುತ್ತಿದ್ದೆ. ನಿನಗೆ ಹದಿನಾಲ್ಕು, ಆ ಭಾರ ನೀನು ಹೊರಬಾರದು. ಈ ಸಲ ನನ್ನ ಹೆಸರು, ಊರು, ನಾನು ನಿನಗೆ ಏನಾಗಬೇಕು ಅನ್ನುವುದು ಎಲ್ಲ ಹೇಳಿಯೇ ಬಂದೆ.

ಅವತ್ತು ಬಂದಿದ್ದ ಮೇಡಮ್ಮೇ ಇದ್ದರು. "ಓ, ಆ ಗುಡ್ಲು ಕೇಸಾ?" ಅಂದು ನಗಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಅವರೇ, "ಅವತ್ತು ಆ ಮಗೂನ ಜನದ ಮಧ್ಯ ಕೇಳ್ಬಾರ್ದಿತ್ತು ನಾನು. ಒಳಗೆ ಕರ್ಕೊಂಡ್ ಹೋಗ್ಬೇಕಿತ್ತು" ಅಂದರು. ನೀನು ಬರೆದ ಮೂರು ವಿಷಯವನ್ನೂ ಅವರ ಮುಂದೆ ಇಟ್ಟೆ. ಮದುವೆ ನಿಲ್ಲುತ್ತೆ, ಅದು ಗ್ಯಾರಂಟಿ ಅಂದರು. ಜೀಪಿನಲ್ಲಿ ಬರುವುದಿಲ್ಲ, ಗುರುವಾರ ಮಿಸ್ ಜೊತೆ ಬಸ್ಸಿನಲ್ಲಿ ಬರುತ್ತಾರೆ, ಮನೆಗಲ್ಲ, ಸ್ಕೂಲಿಗೆ. ಲ್ಯಾಬಿನ ಬಾಗಿಲು ಹಾಕಿಕೊಂಡು, ನೀನು ಎಷ್ಟು ಹೊತ್ತು ತೆಗೆದುಕೊಂಡರೂ ಕೂತು ಕೇಳುತ್ತಾರೆ. ಬಾಲಮಂದಿರದ ವಿಷಯ ಕೇಳಿದೆ. "ಮನೇಲೇ ಇಟ್ಕೊಂಡು ನೋಡ್ಕೊಳ್ಳೋಕಾಗುತ್ತಾ ಅಂತ ಮೊದ್ಲು ನೋಡ್ತೀವಿ. ಪ್ರಾಮಿಸ್ ಮಾತ್ರ ಮಾಡೋಕಾಗಲ್ಲಮ್ಮ" ಅಂದರು. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಬಾರದು ಅಂತ ಅದನ್ನು ಹಾಗೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಹಾಸ್ಟೆಲ್ ಗೇಟಿನಿಂದ ಕರೆ ಬಂತು, ನಿನಗೆ ವಿಸಿಟರ್ ಅಂತ. ನಾನು ನಂಬಲಿಲ್ಲ, ಬೇರೆ ಮಾನಸಾ ಇರಬೇಕು ಅಂದೆ. ಹೋಗಿ ನೋಡಿದರೆ ಹನುಮಂತರಾಜು ಮಾವ. ಅಜ್ಜಿ ಕಳಿಸಿದ ಎಳ್ಳು ಬೆಲ್ಲ, ಕಬ್ಬು, ಆ ಸೀರೆ.

"ಏನ್ಲೇ, ಸೊರಗೋಗಿದೀಯ. ಊಟ ಗೀಟ ಹಾಕಲ್ವಾ ಇವ್ರು?" ಅಂದ.

"ಮಾವ, ನಿಂಗೆ ಇಷ್ಟ ಇದೆಯಾ?" ಅಂದೆ. ಏನು ಅಂತ ಹೇಳಲಿಲ್ಲ. ಅವನಿಗೆ ಅರ್ಥವಾಯಿತು.

"ಎತ್ತಿ ಆಡ್ಸಿದ್ ಕೂಸು ಕಣೇ ಅದು. ನಾನ್ ಬಂದ್ರೆ ಈಗ ಒಳಿಕ್ಕೆ ಓಡೋಗ್ತಾಳೆ. ಅರುಣಕ್ಕ ಕಾಲಿಗ್ ಬಿದ್ಲು. ನಾನಲ್ದೆ ಇನ್ಯಾರ್ ಕಟ್ಕಂತಾರೆ ಅಂತಾಳೆ. ನಾನ್ ಏನ್ ಮಾಡ್ಲಿ ಹೇಳು."

"ನಾನು ಹೇಳ್ಬಿಟ್ಟಿದೀನಿ ಮಾವ. ಆಫೀಸಿಗೆ ಹೋಗಿ."

ಅವನು ಗೇಟಿನ ಕಂಬಿ ಹಿಡಿದುಕೊಂಡು ರಸ್ತೆ ಕಡೆ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಆಮೇಲೆ ಕೇಳಿದ, "ಈ ಸಲ ಸರ್ಯಾಗ್ ಹೇಳಿದ್ಯಾ?"

ಹೂಂ ಅಂದೆ. ಅವನು ಆಟೋ ಹತ್ತಿ ಹೋದ. ಮನೆಯಲ್ಲಿ ಹೇಳುತ್ತಾನೋ ಇಲ್ಲವೋ ಗೊತ್ತಿಲ್ಲ. ನನಗೆ ಭಯವಾಗಿ ಮೇಡಂಗೆ ಫೋನ್ ಮಾಡಿದೆ. "ಹಂಗಾದ್ರೆ ಗುರುವಾರದವರ್ಗೂ ಕಾಯೋದ್ ಬೇಡ, ಮಂಗಳವಾರಾನೇ ಬರ್ತೀನಿ" ಅಂದರು. ಅಷ್ಟರೊಳಗೆ ಯಾರಾದರೂ ಕೊತ್ತಗೆರೆಗೆ ಹೊರಡು ಅಂದರೆ ಸ್ಕೂಲಿಗೆ ಓಡಿ ಬಾ, ಮಿಸ್ ಹತ್ತಿರ ನಿಲ್ಲು.

ನನ್ನ ಥರ ಆಗಲು ಭಯ ಅಂದೆಯಲ್ಲ. ಬೇಜಾರಾಗಲಿಲ್ಲ. ನನಗೂ ಆ ಭಯವೇ ಇತ್ತು, ಅದಕ್ಕೇ ಅಷ್ಟು ದಿನ ಸುಮ್ಮನಿದ್ದೆ. ಹಾಸ್ಟೆಲ್ಲಿನಲ್ಲಿ ಸಂಜೆ ದೀಪ ಹಾಕುವ ಹೊತ್ತು ಕಷ್ಟ, ಇಲ್ಲ ಅನ್ನಲಾರೆ. ಎಲ್ಲ ಕಿಟಕಿಗಳೂ ಒಂದೇ ಸಲ ಹತ್ತಿಕೊಳ್ಳುತ್ತವೆ, ಯಾವುದೂ ನಮ್ಮದಲ್ಲ. ತಟ್ಟೆ ಎಲ್ಲಿದೆ ಅಂತ ಈಗಲೂ ಕೇಳುತ್ತೇನೆ. ಆದರೆ ನಾನು ಒಬ್ಬಳೇ ಇದ್ದೆ ಬಿಂದು. ನಿನ್ನನ್ನು ಎಲ್ಲಾದರೂ ಇಡಲೇಬೇಕಾಗಿ ಬಂದರೆ ಪ್ರತಿ ವಾರ ಗೇಟಿನಲ್ಲಿ ನಾನಿರುತ್ತೇನೆ. ಡಬ್ಬಿ ತರಲು ನನಗೆ ಅಡುಗೆ ಬರಲ್ಲ, ಬೇಕರಿಯಿಂದ ಏನಾದರೂ ತರುತ್ತೇನೆ.

ಚಿಕ್ಕಪ್ಪ ಇನ್ನು ನನ್ನನ್ನು ಹೊಸಿಲು ತುಳಿಯಲು ಬಿಡುವುದಿಲ್ಲ. ಅಜ್ಜಿಗೆ ಏನು ಹೇಳಬೇಕೋ ತೋಚುತ್ತಿಲ್ಲ. ಸೀರೆಯನ್ನು ಬಿಚ್ಚಿ ನೋಡಿಲ್ಲ.

ಈಗ ಒಂದೇ ಒಂದು ವಿಷಯ, ಇದನ್ನು ಮಾತ್ರ ನೀನೇ ಹೇಳಬೇಕು. ಮಂಗಳವಾರ ಮೇಡಂ ಬರುವಾಗ ನಾನೂ ಬರಲಾ? ಬಾ ಅಂದರೆ ಬಂದು ನಿನ್ನ ಪಕ್ಕ ಕೂರುತ್ತೇನೆ, ನೀನು ಹೇಳುವವರೆಗೂ ಬಾಯಿ ತೆರೆಯುವುದಿಲ್ಲ. ಬೇಡ ಅಂದರೆ ತುಮಕೂರಿನಲ್ಲೇ ಇರುತ್ತೇನೆ. ಮುಖ ನೋಡಲು ಇಷ್ಟವಿಲ್ಲ ಅಂದರೂ ಸರಿ, ಹಾಗೇ ಬರಿ.

ಈ ಕಾಗದವನ್ನು ಇವತ್ತೇ ಗುಬ್ಬಿಗೆ ಹೋಗಿ ಮಿಸ್ ಕೈಗೆ ಕೊಡುತ್ತೇನೆ, ನಾಳೆ ಬೆಳಿಗ್ಗೆ ನಿನಗೆ ಸಿಗುತ್ತೆ. ನಾಳೆ ಸಂಜೆ ಅವರು ಇಳಿಯುವಾಗ ನಾನು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬಾ ಅಥವಾ ಬೇಡ, ಒಂದು ಪದ ಸಾಕು. ಬೇಗ ಉತ್ತರ ಬರಿ.

ಮಾನಸಾ